ಸುಗ್ರಾಳ ಲಿಂಬೆಕಾಯಿ ಲೆಕ್ಕ

ಸುಗ್ರಾಳನ್ನು ನಾನು ಮೊದಲು ಕಂಡದ್ದು ವಿಜಯಪುರ ಜಿಲ್ಲೆಯ ನಮ್ಮ ಇಂಡಿಯಲ್ಲಲ್ಲ, ಸೊಲ್ಲಾಪುರದ ಒಂದು ಖಾಸಗಿ ದವಾಖಾನೆಯ ಬಿಲ್ಲಿನ ಕಿಟಕಿಯ ಮುಂದೆ. ಅದು ೨೦೧೯ರ ಜೂನ್ ತಿಂಗಳು. ನನ್ನ ಹೆಂಡತಿಯ ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮುಗಿದಿತ್ತು. ಹಣ ಕಟ್ಟಲು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು, ತಲೆಯ ಮೇಲೆ ಸೆರಗು ಹೊದ್ದು, ಕಂಕುಳಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು, ಕಿಟಕಿಯೊಳಗಿನ ಗುಮಾಸ್ತನೊಂದಿಗೆ ವಾದಕ್ಕಿಳಿದಿದ್ದಳು. ಆತನ ಮಾತು ಮರಾಠಿಯಲ್ಲಿ, ಈಕೆಯ ಉತ್ತರ ಕನ್ನಡದಲ್ಲಿ.

"ಹದಿನಾಲ್ಕು ಸಲಾಯಿನ್ ಅಂತ ಬರದೀರಿ. ನಮ್ಮವ್ರಿಗೆ ಹಚ್ಚಿದ್ದು ಒಂಬತ್ತ. ಉಳಿದ ಐದು ನೀವು ಕುಡದ್ರೇನು?"

ಗುಮಾಸ್ತ ಹುಬ್ಬು ಗಂಟಿಕ್ಕಿದ. ಆಕೆ ಹಿಂತಿರುಗಿ ನನ್ನನ್ನು ನೋಡಿದಳು.

"ಯಾವೂರ್ರಿ ನಿಮ್ದು?"

"ಇಂಡಿ. ಅಲ್ಲೇ ಸಾಲಿ ಮಾಸ್ತರ."

"ಬರೋಬ್ಬರಿ ಆತು. ನಾವೂ ಅಲ್ಲ್ಯಾವ್ರ. ಈ ಕಾಗದ ಓದಿ ಹೇಳ್ರಿ ನಂಗ. ಅಂಕಿ ತಿಳಿತಾವು, ಇಂಗ್ಲೀಷ ತಿಳಿಯಂಗಿಲ್ಲ."

ಓದಿ ಹೇಳಿದೆ. ಸಲಾಯಿನ್ ಬಾಟಲಿ ಹದಿನಾಲ್ಕು ಎಂದೇ ಇತ್ತು. ಆಕೆ ಚೀಲದ ಬಾಯಿ ಬಿಚ್ಚಿ ಕಿಟಕಿಯ ಕಟ್ಟೆಯ ಮೇಲೆ ಲಿಂಬೆಕಾಯಿಗಳನ್ನು ಒಂದೊಂದಾಗಿ ಇಡತೊಡಗಿದಳು. ಒಂಬತ್ತು ಕಾಯಿ. ಮೊದಲ ದಿನದವು ಬಾಡಿ ಸುಕ್ಕುಗಟ್ಟಿದ್ದವು; ಅಂದಂದಿನ ಬುತ್ತಿಯ ಸಂಗಡ ಊರಿನಿಂದ ಬಂದವು ಇನ್ನೂ ಹೊಳೆಯುತ್ತಿದ್ದವು.

ಇಂಡಿಯ ಲಿಂಬೆ ಪೇಟೆಯನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಅಲ್ಲಿ ರಾಶಿಯ ಮುಂದೆ ಕುಳಿತ ಹೆಂಗಸರು ಕೈಗೆ ಐದರಂತೆ ಕಾಯಿ ಎಣಿಸಿ ಚೀಲಕ್ಕೆ ಹಾಕುತ್ತಾರೆ. ನೂರು ತುಂಬಿತೆಂದರೆ ಒಂದು ಕಾಯಿಯನ್ನು ಪಕ್ಕಕ್ಕೆ ಇಡುತ್ತಾರೆ. ದಿನದ ಕೊನೆಗೆ ಪಕ್ಕಕ್ಕಿಟ್ಟ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರಾಯಿತೆಂದು ತಿಳಿಯುತ್ತದೆ. ಆ ಗುರುತಿನ ಕಾಯಿಯ ಲೆಕ್ಕವನ್ನು ಪೇಟೆಯಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಸುಗ್ರಾ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳು. ಗಂಡನ ಹಾಸಿಗೆಯ ಪಕ್ಕದಲ್ಲಿ ಕುಳಿತಾಗಲೂ ಒಂದು ಬಾಟಲಿಗೆ ಒಂದು ಕಾಯಿಯಂತೆ ಇಡುತ್ತ ಬಂದಿದ್ದಳು.

ಗುಮಾಸ್ತ ಜೋರಾಗಿ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಗದ್ದಲ ಕೇಳಿ ಹಿರಿಯ ನರ್ಸ್ ಒಬ್ಬರು ಹೊರಗೆ ಬಂದರು. ಅವರಿಗೆ ಕನ್ನಡ ಬರುತ್ತಿತ್ತು. ವಾರ್ಡಿನ ಪುಸ್ತಕ ತರಿಸಿ, ಬೆರಳಿಟ್ಟು ಎಣಿಸಿ, ತಲೆ ಎತ್ತಿ ಹೇಳಿದರು:

"ಒಂಬತ್ತ ಐತಿ."

ಬಿಲ್ಲು ಎರಡು ಸಾವಿರದಷ್ಟು ಇಳಿಯಿತು. ಆದರೂ ತೊಂಬತ್ತು ಸಾವಿರ ಉಳಿಯಿತು. ಸುಗ್ರಾಳ ಗಂಡ ಮಹಮ್ಮದಹನೀಫ ಲಿಂಬೆ ಸಾಗಿಸುವ ಸ್ವಂತ ಟೆಂಪೋ ಓಡಿಸುವವನು. ಅಪೆಂಡಿಕ್ಸ್ ಒಡೆದು ಐದು ದಿನ ಅಲ್ಲಿ ಮಲಗಿದ್ದ. ತೊಂಬತ್ತು ಸಾವಿರಕ್ಕಾಗಿ ಆಕೆಯ ಎರಡು ಚಿನ್ನದ ಪಾಟ್ಲಿ ಬಳೆಗಳು ಸರಾಫನ ಅಂಗಡಿ ಸೇರಿದವು. ಅವು ನಾಲತವಾಡದ ತವರಿನವರು ಮದುವೆಯಲ್ಲಿ ಹಾಕಿದ್ದ ಪಾಟ್ಲಿಗಳು.

"ಸೊಲ್ಲಾಪುರಕ್ಕೆ ಯಾಕ ಬಂದಿ ತಂಗಿ?" ಎಂದು ಪಡಸಾಲೆಯಲ್ಲಿ ಕುಳಿತಾಗ ಕೇಳಿದೆ.

"ನಮ್ಮ ಮಂದಿ ಬ್ಯಾನಿ ಬಂದ್ರ ಸೊಲ್ಲಾಪುರಕ್ಕ ಬರ್ತಾರಲ್ರಿ. ನೀವ್ಯಾಕ ಬಂದೀರಿ ಮಾಸ್ತರ್ರ?"

ನನ್ನ ತಂದೆಯೂ ಅಲ್ಲಿಗೇ ಹೋಗಿದ್ದರು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ಇಳಿಯುವುದು ಸೊಲ್ಲಾಪುರದಲ್ಲಿ. ಅಜ್ಜಂದಿರ ಕಾಲದಿಂದ ಕಾಲಿಗೆ ಅಂಟಿದ ದಾರಿ. ಮನೆಯಲ್ಲಿ ಯಾರಿಗಾದರೂ ಜೋರಾಗಿ ನೋವು ಬಂದರೆ ಯಾವ ದವಾಖಾನೆಯೆಂದು ನಮ್ಮ ಕಡೆ ಯಾರೂ ಯೋಚಿಸುವುದಿಲ್ಲ. ಗಾಡಿ ತಾನೇ ಆ ಕಡೆ ತಿರುಗುತ್ತದೆ. ಸುಗ್ರಾಳ ಮನೆಯದು ಎಪಿಎಲ್ ಕಾರ್ಡು. ನಮ್ಮ ಸರಕಾರದ ಆರೋಗ್ಯ ಯೋಜನೆಯಲ್ಲಿ ಅಂಥವರಿಗೆ ಖರ್ಚಿನ ಒಂದು ಭಾಗ ಮಾತ್ರ ಸಿಗುತ್ತದೆ. ಆ ಒಂದು ಭಾಗವೂ ಇಲ್ಲಿ, ಮಹಾರಾಷ್ಟ್ರದ ಆ ಕಿಟಕಿಯಲ್ಲಿ, ನಡೆಯಲಿಲ್ಲ. ಇದನ್ನು ತಿಳಿಸಿ ಹೇಳಿದೆ. ಆಕೆ ಕಾಯಿಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿದಳು.

"ಇನ್ನೊಮ್ಮೆ ಹಿಂಗ ಬಂದ್ರ ಟೆಂಪೋನ ಹೋಗ್ತೈತ್ರಿ" ಎಂದಳು ಕೊನೆಗೆ. "ಟೆಂಪೋ ಹೋದ್ರ ಮನಿ ನಡಿಯಂಗಿಲ್ಲ."

ಆ ಮಾತು ಆಕೆಯ ಮನಸ್ಸಿನಿಂದ ಮುಂದೆ ಎಂದೂ ಹೋಗಲಿಲ್ಲ.

ಎರಡು ವರ್ಷ ಕಳೆಯಿತು. ಕೊರೋನಾದ ಎರಡನೆಯ ಅಲೆ ತಗ್ಗಿದ ಮೇಲೆ ನಮ್ಮ ಊರಿನಲ್ಲಿ ಆರೋಗ್ಯ ವಿಮೆಯ ಏಜೆಂಟರು ಹೆಚ್ಚಾದರು. ಅವರಲ್ಲಿ ಕಾಂತು ಒಬ್ಬ. ನನ್ನ ಹಳೆಯ ವಿದ್ಯಾರ್ಥಿ, ಮಾತಿನ ಮಲ್ಲ. ೨೦೨೧ರ ಅಕ್ಟೋಬರಿನ ಒಂದು ಭಾನುವಾರ ಸುಗ್ರಾ ಅವನನ್ನೂ ಹನೀಫನನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. ಕಾಂತುವಿನ ಕೈಯಲ್ಲಿ ಎರಡು ಪಾಲಿಸಿಗಳ ಬಣ್ಣಬಣ್ಣದ ಹೊತ್ತಗೆಗಳಿದ್ದವು.

"ಮಾಸ್ತರ್ರ, ಇವ ಹೇಳೂದು ಬ್ಯಾಡ. ಹೊತ್ತಿಗ್ಯಾಗ ಏನ ಐತಿ ಅದನ್ನ ಓದ್ರಿ" ಎಂದಳು.

"ಅಕ್ಕಾ, ನನ್ನ ಮ್ಯಾಲ ಇಷ್ಟೂ ಭರೋಸಾ ಇಲ್ಲೇನು?" ಎಂದ ಕಾಂತು.

"ನಿನ್ನ ಮ್ಯಾಲ ಐತೋ. ನಿನ್ನ ಕಮಿಷನ್ ಮ್ಯಾಲ ಇಲ್ಲ."

ಮೊದಲನೆಯ ಪಾಲಿಸಿಯ ಕಂತು ಕಡಿಮೆ. ಆದರೆ ಯಾವುದೇ ಬಿಲ್ಲಿನಲ್ಲಿ ಐದನೆಯ ಒಂದು ಭಾಗವನ್ನು ನಾವೇ ಕೊಡಬೇಕೆಂದು ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ನಗದು ಕಟ್ಟದೆ ಚಿಕಿತ್ಸೆ ಪಡೆಯಬಹುದಾದ ದವಾಖಾನೆಗಳ ಪಟ್ಟಿಯಲ್ಲಿ ಸೊಲ್ಲಾಪುರದ ಮೂರು ಹೆಸರು, ವಿಜಯಪುರದ್ದು ಒಂದೂ ಇಲ್ಲ. ಎರಡನೆಯದಕ್ಕೆ ಕಂತು ಹೆಚ್ಚು. ಐದು ಲಕ್ಷದವರೆಗೆ ಭದ್ರತೆ; ನಮ್ಮ ಪಾಲು ಕೊಡುವ ಶರತ್ತಿಲ್ಲ; ವಿಜಯಪುರದ ಎರಡು ದವಾಖಾನೆಗಳಿದ್ದವು, ಸೊಲ್ಲಾಪುರದ್ದು ಇರಲಿಲ್ಲ. ರೂಮಿನ ಬಾಡಿಗೆ ದಿನಕ್ಕೆ ಐದು ಸಾವಿರ ಮೀರಬಾರದು. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷ ತುಂಬುವವರೆಗೆ ಏನೂ ಸಿಗದು.

"ಮೊದಲಿಂದು ಚಲೋ ಐತಿ" ಎಂದ ಹನೀಫ. "ಸೊಲ್ಲಾಪುರ ಐತಿ, ಅಗ್ಗ ಐತಿ. ಟೆಂಪೋದ ಹಿಂದಿನ ಟೈರ್ ಎರಡೂ ಬೋಳ ಆಗ್ಯಾವು, ಉಳಿದ ರೊಕ್ಕದಾಗ ಅವು ಬರ್ತಾವು."

"ಎರಡನೇದು" ಎಂದಳು ಸುಗ್ರಾ. "ವಿಜಾಪುರಕ್ಕ ತಾಸಿಗೆ ಎರಡು ಬಸ್ಸು. ರೊಟ್ಟಿ ಕಳಸಾಕ ಬರ್ತೈತಿ. ಬಿಲ್ಲಿನ ಜಗಳ ಬಂದ್ರ ನನ್ನ ಮಾತಿನಾಗ ಮಾಡ್ತೇನಿ. ಅಲ್ಲಿ ಮರಾಠ್ಯಾಗ ಬೈದ್ರ ನನಗ ಬೈದಿದ್ದೂ ತಿಳಿಯಂಗಿಲ್ಲ."

ಅರ್ಜಿ ತುಂಬಲು ನಾನು ಪೆನ್ನು ತೆಗೆದೆ. ಹೆಸರು, ವಯಸ್ಸು, ಮಗಳು ಹುಮಾಳ ಹೆಸರು ಎಲ್ಲ ಬರೆದಾಯಿತು. 'ಈಗಾಗಲೇ ಇರುವ ಕಾಯಿಲೆ' ಎಂಬ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದೆ. ಹನೀಫನಿಗೆ ೨೦೧೭ರಿಂದ ಸಕ್ಕರೆ ಕಾಯಿಲೆ ಇತ್ತು.

"ಇಲ್ಲ ಅಂತ ಬರೀರಿ ಸರ್ರ" ಎಂದ ಕಾಂತು ಮೆಲ್ಲಗೆ. "ಬರದ್ರ ಕಂತೂ ಏರ್ತೈತಿ, ಮೂರು ವರ್ಷ ಕಾಯೂದೂ ಬರ್ತೈತಿ. ಎಲ್ಲಾರೂ ಬಿಡ್ತಾರ. ಯಾರು ನೋಡಾಕ ಬರ್ತಾರ?"

ಹನೀಫನ ಚಿಂತೆಯೇ ಬೇರೆ. ಹುಮಾಳಿಗೆ ಸಿಂದಗಿಯ ಜಹೀರನ ಮಗನೊಂದಿಗೆ ಸಂಬಂಧದ ಮಾತು ನಡೆದಿತ್ತು. ಮದುವೆಯ ಮಾತು ನಡೆದಿರುವಾಗ ಮನೆಯ ಕಾಯಿಲೆಯನ್ನು ಯಾರೂ ಬಾಯಿಬಿಟ್ಟು ಹೇಳದಿರುವುದು ನಮ್ಮ ಕಡೆಯ ರೂಢಿ. ಮಾತ್ರೆಯ ಡಬ್ಬಿಯನ್ನು ಕೂಡ ಜೋಳ ತುಂಬಿಡುವ ಹಗೇವಿನ ಹತ್ತಿರ ಬಚ್ಚಿಡುತ್ತಾರೆ.

"ಇವನ ಕಾಗದದಾಗ ಬಂದದ್ದು ನಾಳೆ ಸಿಂದಗಿ ಬಸ್‌ಸ್ಟ್ಯಾಂಡಿನಾಗ ಇರ್ತೈತಿ" ಎಂದು ಕಾಂತುವಿನ ಕಡೆ ಕೈ ತೋರಿಸಿದ. "ಅಪ್ಪಗ ಸಕ್ಕರಿ ಐತಿ ಅಂದ್ರ ಮಗಳಿಗೂ ಬರ್ತೈತಿ ಅಂತಾರ. ಬರಿಬ್ಯಾಡ್ರಿ ಮಾಸ್ತರ್ರ."

ಸುಗ್ರಾ ನನ್ನ ಕಡೆ ನೋಡಲಿಲ್ಲ, ಗಂಡನ ಕಡೆ ನೋಡಿದಳು.

"ನೀವು ಪೇಟ್ಯಾಗಿನವ್ರು, ಹೇಳ್ರಿ. ಚುಕ್ಕಿ ಬಿದ್ದ ಕಾಯಿ ಚೀಲದ ತಳಕ್ಕ ಹಾಕಿ ಕಳಿಸಿದ್ರ ಏನಾಗ್ತೈತಿ?"

"ಇಡೀ ಚೀಲ ವಾಪಸ್ ಬರ್ತೈತಿ."

"ಚುಕ್ಕಿ ಕಾಯಿ ಬ್ಯಾರೆ ಮಾಡಿ, ಇವು ಚುಕ್ಕಿ ಅಂತ ಹೇಳಿ ಕಳಿಸಿದ್ರ?"

"ಭಾವ ಕಡಿಮಿ ಮಾಡಿ ಇಟ್ಕೋತಾರ."

"ಮತ್ತ?"

ಹನೀಫ ಟೋಪಿ ತೆಗೆದು ತಲೆ ಕೆರೆದುಕೊಂಡ. ನಾನು ಬರೆದೆ: 'ಸಕ್ಕರೆ ಕಾಯಿಲೆ, ೨೦೧೭ರಿಂದ, ಮಾತ್ರೆ ನಡೆದಿದೆ.' ಕಂತು ವರ್ಷಕ್ಕೆ ಮೂರು ಸಾವಿರದಷ್ಟು ಏರಿತು. ಆ ವರ್ಷ ಟೆಂಪೋಗೆ ಟೈರ್ ಬರಲಿಲ್ಲ. ತುಂಬಿದ ಅರ್ಜಿಯ ಜೆರಾಕ್ಸ್ ಬೇಕೆಂದು ಸುಗ್ರಾ ಹಟ ಹಿಡಿದಳು. ಕಾಂತು ಗೊಣಗುತ್ತ ಹೋಗಿ ಮಾಡಿಸಿ ತಂದ.

"ಸಾಲ್ಯಾಗ ಕಾಪಿ ಮಾಡಿದ್ರ ಸರ್ರ ಹಿಡಿತಿದ್ರು. ಈಗ ಕಾಪಿ ಮಾಡಸಲಿಲ್ಲಂದ್ರ ಅಕ್ಕ ಬಿಡಂಗಿಲ್ಲ" ಎಂದ. ಎಲ್ಲರೂ ನಕ್ಕೆವು.

ಹುಮಾಳ ಸಂಬಂಧದ ಮಾತು ಮುರಿದೀತೆಂಬ ಹನೀಫನ ಅಂಜಿಕೆ ಒಂದು ಕಪ್ ಚಹಾದಲ್ಲಿ ಮುಗಿಯಿತು. ಬೀಗರಾಗುವವರು ಬಂದ ದಿನ ಸುಗ್ರಾ ಚಹಾದ ತಾಟು ಹಿಡಿದು ನಿಂತು, "ಇದು ಸಕ್ಕರಿ ಇಲ್ಲದ್ದು, ನಮ್ಮನಿಯವ್ರದು. ಮತ್ಯಾರಿಗರ ಬೇಕೇನ್ರಿ?" ಎಂದು ಕೇಳಿದಳಂತೆ. ಜಹೀರ ತನ್ನ ಹೆಂಡತಿಯ ಮುಖ ನೋಡಿ, ಸ್ವಲ್ಪ ಕೆಮ್ಮಿ, ಅದೇ ಸಕ್ಕರೆ ಇಲ್ಲದ ಕಪ್ಪಿಗೆ ಕೈ ಚಾಚಿದ. ಮದುವೆ ಆಯಿತು. ಹುಮಾ ಈಗ ಸಿಂದಗಿಯಲ್ಲಿ ಇದ್ದಾಳೆ.

೨೦೨೫ರ ಜನವರಿಯ ಒಂದು ಬೆಳಿಗ್ಗೆ ನಡೆದದ್ದನ್ನು ನಾನು ಕಣ್ಣಾರೆ ಕಾಣಲಿಲ್ಲ. ಹನೀಫನ ಅಣ್ಣನ ಹೆಂಡತಿ ಅಬಿದಾ ಹೇಳಿದ್ದನ್ನು ಬರೆಯುತ್ತಿದ್ದೇನೆ. ಪೇಟೆಯಲ್ಲಿ ಚೀಲ ಹೇರುತ್ತಿದ್ದ ಹನೀಫ ಇದ್ದಕ್ಕಿದ್ದಂತೆ ಬೆವರಿ, ಎಡಗೈ ಹಿಡಿದುಕೊಂಡು ಕುಳಿತುಬಿಟ್ಟ. ಸುಗ್ರಾ ಎಣಿಸುತ್ತಿದ್ದ ರಾಶಿಯನ್ನು ಹಾಗೆಯೇ ಬಿಟ್ಟು ಓಡಿ ಬಂದಳು. ತಾಲೂಕು ಸರಕಾರಿ ದವಾಖಾನೆಗೆ ಒಯ್ದರು. ಇ.ಸಿ.ಜಿ. ನೋಡಿದ ಡಾಕ್ಟರು ಮಾತ್ರೆ ಕೊಟ್ಟು, ಎದೆಯ ರಕ್ತನಾಳ ಕಟ್ಟಿದೆ, ತಡ ಮಾಡದೆ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ಅಷ್ಟರಲ್ಲಿ ಹನೀಫನ ಅಣ್ಣ ಬಂದಗಿಸಾಬ ತನ್ನ ಕಾರು ತಂದು ಬಾಗಿಲಿಗೆ ನಿಲ್ಲಿಸಿದ್ದ. ತಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾರಿನ ಮೂತಿಯನ್ನು ಸೊಲ್ಲಾಪುರದ ಕಡೆ ತಿರುಗಿಸಿದ.

"ಭಾವಾರ, ವಿಜಾಪುರಕ್ಕ ನಡೀರಿ" ಎಂದಳು ಸುಗ್ರಾ.

"ಏನ್ ಹುಚ್ಚಿ ಅದೀ? ಅಪ್ಪಗ ಎದಿ ನೋವು ಬಂದಾಗ ಸೊಲ್ಲಾಪುರಕ್ಕ ಒಯ್ದಿದ್ವಿ. ಮ್ಯಾಲ ಇಪ್ಪತ್ತು ವರ್ಷ ಬದುಕಿದ."

"ಆವಾಗ ವಿಜಾಪುರದಾಗ ಇಂಥಾ ದವಾಖಾನಿ ಇದ್ದಿದ್ದಿಲ್ರಿ. ಈಗ ಅದಾವು. ದೂರ ಎರಡೂ ಅಷ್ಟ."

"ನಿನ್ನ ಪಾಲಿಸಿ ಅಲ್ಲಿ ನಡಿತೈತಿ ಅಂತ ಹೇಳು! ತಮ್ಮನ ಜೀವ ಹೊಂಟೈತಿ, ಈಕಿ ರೊಕ್ಕದ ಲೆಕ್ಕ ಹಾಕಾಕತ್ತಾಳ."

ನೆರೆದ ಪೇಟೆಯ ಮಂದಿಯೆಲ್ಲ ಆ ಮಾತು ಕೇಳಿದರು. ಸುಗ್ರಾ ಕಾರಿನ ಮುಂದೆ ಅಡ್ಡ ಬಂದು ನಿಂತಳು. ಬಾಗಿಲಲ್ಲಿ ನಿಂತಿದ್ದ ಡಾಕ್ಟರ ಕಡೆ ತಿರುಗಿದಳು.

"ಸಾಹೇಬ್ರ, ಪಾಲಿಸಿ ಸುದ್ದಿ ಬಿಡ್ರಿ. ನಿಮ್ಮ ಸ್ವಂತ ಅಣ್ಣ ಇದ್ರ ಎಲ್ಲಿಗೆ ಒಯ್ತಿದ್ರಿ? ನೀವು ಸೊಲ್ಲಾಪುರ ಅಂದ್ರ ಆ ಪಾಲಿಸಿ ಹರದು ಒಗದು ಹೊಂಡ್ತೇನಿ."

"ವಿಜಯಪುರಕ್ಕ ಒಯ್ಯಿರಿ" ಎಂದರು ಡಾಕ್ಟರು. "ನಾನು ಫೋನ್ ಮಾಡಿ ಹೇಳ್ತೇನಿ. ನೀವು ಮುಟ್ಟೂದ್ರಾಗ ಅವ್ರು ತಯಾರ್ ಇರ್ತಾರ."

ಬಂದಗಿಸಾಬ ವಿಜಯಪುರದ ಕಡೆ ಕಾರು ತಿರುಗಿಸಿದ.

ನಾನು ಮಧ್ಯಾಹ್ನದ ಬಸ್ಸಿಗೆ ಹೋದೆ. ಅಷ್ಟೊತ್ತಿಗೆ ಹನೀಫನ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಮುಗಿಸಿದ್ದರು. ಜೀವದ ಅಪಾಯ ದಾಟಿತ್ತು. ಇನ್ನು ಉಳಿದದ್ದು ಬಿಲ್ಲು. ಎರಡು ಲಕ್ಷ ಮೀರುತ್ತದೆಂದು ಕೌಂಟರಿನವರು ಮೊದಲೇ ಹೇಳಿದ್ದರು. ಬರುವ ನೆಂಟರಿಗೆ ಕೂಡಲು ಅನುಕೂಲವೆಂದು ಬಂದಗಿಸಾಬ ಎಂಟು ಸಾವಿರದ ರೂಮು ಹಿಡಿಯಲು ಹೊರಟಿದ್ದ.

"ಬ್ಯಾಡ್ರಿ ಭಾವಾರ. ಐದು ಸಾವಿರದ ಮ್ಯಾಲಿನ ರೂಮು ಹಿಡದ್ರ ಬರೇ ಬಾಡಿಗಿಗೆ ಅಲ್ಲ, ಡಾಕ್ಟರ್ ಫೀಸಿಗೂ ಕತ್ತರಿ ಬೀಳ್ತೈತಿ. ನೆಂಟರು ಪಡಸಾಲ್ಯಾಗ ಕೂಡ್ಲಿ."

"ಮಂದಿ ಏನಂದಾರು?"

"ಅಂದವ್ರ ಬಿಲ್ ಕೊಡ್ತಾರೇನು ಕೇಳ್ರಿ."

ಇಬ್ಬರು ರೋಗಿಗಳಿರುವ ಎರಡೂವರೆ ಸಾವಿರದ ರೂಮೇ ಆಯಿತು. ಸಂಜೆ ಐದರ ಸುಮಾರಿಗೆ ವಿಮೆಯ ಮೇಜಿನ ಹುಡುಗಿ ಸುನೀತಾ ನಮ್ಮನ್ನು ಕರೆದಳು. ಕಂಪನಿಯಿಂದ ಪ್ರಶ್ನೆ ಬಂದಿತ್ತು. ರೋಗಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆಯೆಂದು ದವಾಖಾನೆಯ ಕಾಗದ ಹೇಳುತ್ತದೆ. ಪಾಲಿಸಿ ಮಾಡುವಾಗ ಅದನ್ನು ತಿಳಿಸಲಾಗಿತ್ತೇ, ಆಧಾರ ಕೊಡಿ.

"ಬಹಳ ಮಂದಿದು ಇಲ್ಲೇ ಸಿಗತೈತ್ರಿ" ಎಂದಳು ಸುನೀತಾ, ಸಂಕೋಚದಿಂದ. "ತಿಳಿಸಿರ್ಲಿಲ್ಲಂದ್ರ ಪೂರಾ ಬಿಲ್ ನೀವ ಕಟ್ಟಬೇಕಾಗ್ತೈತಿ."

ಬಂದಗಿಸಾಬ ಗೋಡೆಗೆ ಒರಗಿದ. ಟೆಂಪೋ ಮಾರಿದರೆ ಎಷ್ಟು ಬಂದೀತೆಂದು ಆತ ಆಗಲೇ ಯಾರಿಗೋ ಫೋನು ಹಚ್ಚಿ ಕೇಳಿದ್ದನೆಂದು ನನಗೆ ಆಮೇಲೆ ತಿಳಿಯಿತು.

ಸುಗ್ರಾ ಬಟ್ಟೆಯ ಚೀಲಕ್ಕೆ ಕೈ ಹಾಕಿದಳು. ಮೊದಲು ಮೂರು ಲಿಂಬೆಕಾಯಿ ಹೊರಬಂದವು; ಅಂದಿನ ಸಲಾಯಿನ್ ಲೆಕ್ಕ. ಅವುಗಳ ಕೆಳಗಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಜೆರಾಕ್ಸ್ ತೆಗೆದಳು. ನನ್ನ ಕೈಬರಹ ಸ್ವಲ್ಪ ಮಸುಕಾಗಿದ್ದರೂ ಓದಲು ಬರುತ್ತಿತ್ತು.

"ಇದ ನೋಡವ್ವಾ. ಎಂದಿನಿಂದ ಅನ್ನೂದೂ ಐತಿ. ಪಾಲಿಸಿ ಆಗಿ ಮೂರು ವರ್ಷ ಮೂರು ತಿಂಗಳಾತು. ಎಣಿಸಿ ನೋಡು."

ಸುನೀತಾ ಎಣಿಸಿದಳು, ಕಾಗದವನ್ನು ಯಂತ್ರಕ್ಕೆ ಇಟ್ಟು ಕಳಿಸಿದಳು. ಮರುದಿನ ಬೆಳಿಗ್ಗೆ ಒಪ್ಪಿಗೆ ಬಂತು. ಮನೆಗೆ ಬಿಡುವ ದಿನ ಒಟ್ಟು ಬಿಲ್ಲು ಎರಡು ಲಕ್ಷ ಇಪ್ಪತ್ತಾರು ಸಾವಿರ. ಕೈಗವಸು, ಹತ್ತಿ ಮೊದಲಾದ, ಕಂಪನಿ ಕೊಡದ ಬಾಬ್ತುಗಳಿಗೆ ಸುಗ್ರಾ ಕಟ್ಟಿದ್ದು ಹನ್ನೊಂದು ಸಾವಿರ. ಅದನ್ನು ಕಟ್ಟುವ ಮುನ್ನ ಕೈಗವಸಿನ ಜೋಡಿಗಳ ಲೆಕ್ಕವನ್ನು ನನ್ನಿಂದ ಎರಡು ಸಲ ಓದಿಸಿದಳು. ಈ ಸಲ ಲೆಕ್ಕ ಸರಿಯಿತ್ತು. "ಇವ್ರು ಬರೋಬ್ಬರಿ ಮಂದಿ" ಎಂದು ಮೂರು ಕಾಯಿಗಳನ್ನು ಸುನೀತಾಳ ಮೇಜಿನ ಮೇಲೆಯೇ ಬಿಟ್ಟು ಬಂದಳು.

ಹನೀಫ ಮನೆಗೆ ಬಂದ ಮೇಲೆ ನೋಡಲು ಹೋಗಿದ್ದೆ. ಮಂಚದ ಮೇಲೆ ಕುಳಿತು ಅಂಗಳದಲ್ಲಿ ನಿಂತ ಟೆಂಪೋವನ್ನೇ ನೋಡುತ್ತಿದ್ದ. "ಅವತ್ತ ಟೈರ್ ಬರಲಿಲ್ಲ, ಇವತ್ತ ಗಾಡಿ ಉಳೀತ್ರಿ ಮಾಸ್ತರ್ರ" ಎಂದ. ಹೆಂಡತಿಗೆ ಕೇಳುವಂತೆ ಹೇಳಲಿಲ್ಲ, ಆದರೆ ಆಕೆ ಅಡುಗೆಮನೆಯಿಂದ ಕೇಳಿಸಿಕೊಂಡಳು.

ಈಗ ಹನೀಫ ದೂರದ ಬಾಡಿಗೆ ಹಿಡಿಯುವುದಿಲ್ಲ; ವಿಜಯಪುರದವರೆಗೆ ಮಾತ್ರ ಓಡಿಸುತ್ತಾನೆ. ಸುಗ್ರಾ ಪೇಟೆಯ ಕೆಲಸ ಬಿಟ್ಟಿಲ್ಲ. ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಆಕೆಯ ಹತ್ತಿರ ದವಾಖಾನೆಯ ಬಿಲ್ಲು ಹಿಡಿದ ಹೆಂಗಸರು ಬರುತ್ತಾರೆ. ಸಿಂದಗಿಯಿಂದ ಹುಮಾ ಕಳಿಸಿದವರು ಕೆಲವರು, ನಾಲತವಾಡದ ತವರಿನ ಓಣಿಯವರು ಕೆಲವರು. ಒಮ್ಮೆ ಬಸವನ ಬಾಗೇವಾಡಿಯಿಂದ ಶಾಲೆಯ ಅಡುಗೆಯ ಇಂದ್ರಾಬಾಯಿ ಬಂದಿದ್ದಳು. ಇಂಗ್ಲಿಷಿನಲ್ಲಿರುವುದನ್ನು ಸಂಜೆ ನನ್ನ ಹತ್ತಿರ ತಂದು ಓದಿಸುತ್ತಾಳೆ. ಯಾವ ಕಂಪನಿಯ ಪಾಲಿಸಿ ಮಾಡಿಸಬೇಕೆಂದು ಮಾತ್ರ ಆಕೆ ಯಾರಿಗೂ ಹೇಳುವುದಿಲ್ಲ. "ಅದು ಕಾಂತುನ ಧಂದೆ. ಇದ್ದ ಬ್ಯಾನಿ ಇದ್ದಂಗ ಬರದಿರೇನು, ಬರದದ್ದರ ಜೆರಾಕ್ಸ್ ಐತೇನು, ಅಷ್ಟ ಕೇಳ್ತೇನಿ" ಎನ್ನುತ್ತಾಳೆ. ಕಾಂತು ಈಗ ತಾನೇ ಎಲ್ಲರ ಅರ್ಜಿಗೂ ಜೆರಾಕ್ಸ್ ಮಾಡಿಸಿ ಕೊಡುತ್ತಾನೆ.

ಹೋದ ಮೊಹರಮ್ ಮುಗಿದ ಮೇಲೆ ಬಂದಗಿಸಾಬನೂ ಒಂದು ಅರ್ಜಿ ಹಿಡಿದು ಆಕೆಯ ಬಾಗಿಲಿಗೆ ಬಂದಿದ್ದ. ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಬೀಡಿ ಸೇದೂದೂ ಬರೀಬೇಕೇನವಾ?" ಎಂದು ಕೇಳಿದನಂತೆ.

"ದಿನಕ್ಕ ಎಷ್ಟು ಅನ್ನೂದೂ ಬರೀರಿ."

"ಅಬಿದಾಗ ನಾ ನಾಲ್ಕು ಅಂತ ಹೇಳೇನಿ."

"ಅಕ್ಕಗ ನಾಲ್ಕ ಇರ್ಲಿ. ಕಾಗದಕ್ಕ ಖರೇ ಹೇಳ್ರಿ."

ಕಳೆದ ವಾರ ಪೇಟೆಯ ಕಡೆ ಹೋಗಿದ್ದೆ. ಸುಗ್ರಾ ರಾಶಿಯ ಮುಂದೆ ಕುಳಿತು ಐದೈದು ಕಾಯಿ ಎಣಿಸಿ ಚೀಲಕ್ಕೆ ಹಾಕುತ್ತಿದ್ದಳು. ಬಲಕ್ಕೆ ದಿನದ ಗುರುತಿನ ಕಾಯಿಗಳ ಸಾಲು ಇತ್ತು. ಎಡಕ್ಕೆ, ಹರಿದ ಗೋಣಿಯ ತುಂಡಿನ ಮೇಲೆ, ಬೇರೆಯಾಗಿ ನಾಲ್ಕು ಕಾಯಿ.

"ಇವು ಯಾವ ಲೆಕ್ಕ ತಂಗಿ?" ಎಂದೆ.

"ಭಾವಾರದು. ಮುಳವಾಡದ ಕಡೆ ಬೈಕ್ ಜಾರಿ ಕಾಲು ಮುರ್ಕೊಂಡಾರ. ವಿಜಾಪುರದಾಗ ಹಾಕ್ಯಾರ. ಅಪಘಾತಕ್ಕ ಮೂರು ವರ್ಷ ಕಾಯೂದಿಲ್ರಿ, ಕಾಗದದಾಗ ನೀವ ಓದಿದ್ರಲ್ಲ."

ಅಷ್ಟರಲ್ಲಿ ಫೋನು ಬಂತು. ಅಬಿದಾಳದು. ಸುಗ್ರಾ ಎಣಿಸುವ ಕೈ ನಿಲ್ಲಿಸದೆ, ಭುಜಕ್ಕೆ ಫೋನು ಒತ್ತಿ ಹಿಡಿದು ಕೇಳಿಸಿಕೊಂಡಳು. "ಹೂಂ, ಇನ್ನೊಂದು ಬಾಟ್ಲಿ ಹಚ್ಚಿದ್ರಾ? ಆತು" ಎಂದಳು. ರಾಶಿಯಿಂದ ಒಂದು ಕಾಯಿ ಆರಿಸಿ, ಸೆರಗಿಗೆ ಒರೆಸಿ, ಆ ನಾಲ್ಕರ ಪಕ್ಕದಲ್ಲಿ ಇಟ್ಟಳು.